ಎಂಬತ್ತು ಕಿಲೊ ಹೊತ್ತು ನೀರಿನಡಿ ಕೂಲಿ: ತಾಮ್ರದ ಹೆಲ್ಮೆಟ್ಟಿನ ಒಳಗುಟ್ಟು

ಪ್ರಶ್ನೆ: ಮಲ್ಪೆ ಕಡೆಯ ಒಂದು ರೆಸಾರ್ಟಿನ ಪಡಸಾಲೆಯಲ್ಲಿ ತಾಮ್ರದ ದೊಡ್ಡ ಡೈವಿಂಗ್ ಹೆಲ್ಮೆಟ್ ಇಟ್ಟಿದ್ದಾರೆ. ‘ಪೂರ್ತಿ ಉಡುಪಿನ ತೂಕ 80 ಕಿಲೊಗೂ ಹೆಚ್ಚು’ ಎಂದು ಪಕ್ಕದಲ್ಲಿ ಬರೆದಿದೆ. ಅಷ್ಟು ಭಾರ ಹೊತ್ತವನು ಕಲ್ಲಿನ ಹಾಗೆ ತಳ ಸೇರುವುದಿಲ್ಲವೇ? ಸಾಲದ್ದಕ್ಕೆ ಎದೆಗೂ ಬೆನ್ನಿಗೂ ಸೀಸದ ಗಟ್ಟಿ ಕಟ್ಟುತ್ತಿದ್ದರಂತೆ, ಯಾಕೆ? ತಾಮ್ರದ ಹೆಲ್ಮೆಟ್ ನೀರಿನ ಒತ್ತಡ ತಡೆಯಲಿಕ್ಕೋ? ಇಂಥದ್ದನ್ನು ತೊಟ್ಟು ಯಾವ ಕೆಲಸ ತಾನೇ ಮಾಡಲು ಸಾಧ್ಯವಿತ್ತು? ಅಂದಹಾಗೆ, ಅಲ್ಲಿರುವ ಹೆಲ್ಮೆಟ್ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳೋಣ. ಆ ಗಂಟು ಸಡಿಲಾದರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ.

ತಾಮ್ರದ ಹೆಲ್ಮೆಟ್ ನೀರಿನ ಒತ್ತಡವನ್ನು ತಡೆಯುತ್ತಿತ್ತೇ? ಇಲ್ಲ. ಬಹಳ ಜನ ಅದನ್ನು ಹಳೆಯ ಕಾಲದ ಯೋಧನ ಕವಚದ ಹಾಗೆ ಕಲ್ಪಿಸಿಕೊಳ್ಳುತ್ತಾರೆ: ಹೊರಗೆ ಸಮುದ್ರ ಹಿಂಡುತ್ತಿರುತ್ತದೆ, ಒಳಗೆ ಮನುಷ್ಯ ಹಾಯಾಗಿರುತ್ತಾನೆ ಅಂತ. ಇದ್ದದ್ದು ಬೇರೆ. ಹೊರಗಿನ ನೀರು ಎಷ್ಟು ಒತ್ತುತ್ತಿತ್ತೋ ಅಷ್ಟೇ ಒತ್ತಡದ ಗಾಳಿ ಒಳಗೂ ಇರುತ್ತಿತ್ತು. ತಗಡಿನ ಎರಡೂ ಬದಿ ಸಮ. ಹಾಗಾಗಿ ತಾಮ್ರಕ್ಕೆ ಹೊರಬೇಕಾದ ಭಾರವೇ ಇರಲಿಲ್ಲ ಎನ್ನಬಹುದು.

ಇದನ್ನು ಬಚ್ಚಲಮನೆಯಲ್ಲೇ ನೋಡಬಹುದು. ತುಂಬಿದ ಬಕೆಟ್ಟಿನೊಳಗೆ ಒಂದು ತಂಬಿಗೆಯನ್ನು ಬೋರಲಾಗಿ, ಓರೆಯಾಗದಂತೆ ಒತ್ತಿ. ಗಾಳಿ ಒಳಗೇ ಉಳಿಯುತ್ತದೆ. ತಂಬಿಗೆ ನಿಮ್ಮ ಕೈಯನ್ನು ಮೇಲಕ್ಕೆ ದೂಡುತ್ತದೆ. ಅದೇ ತಂಬಿಗೆಯನ್ನು ಆಳದ ಬಾವಿಯಲ್ಲಿ ಹತ್ತು ಮೀಟರ್ ಕೆಳಗಿಳಿಸಿದರೆ, ನೀರಿನ ಒತ್ತಡಕ್ಕೆ ಒಳಗಿನ ಗಾಳಿ ಕುಗ್ಗಿ ಅರ್ಧ ತಂಬಿಗೆಯಷ್ಟಾಗಿರುತ್ತದೆ; ಉಳಿದರ್ಧ ನೀರು. ಮೇಲಿನಿಂದ ಪೈಪಿನಲ್ಲಿ ಗಾಳಿ ತುಂಬುತ್ತ ಹೋದರೆ ಮಾತ್ರ ನೀರು ಮತ್ತೆ ಕೆಳಗಿಳಿದು ತಂಬಿಗೆ ಭರ್ತಿ ಗಾಳಿಯಾಗುತ್ತದೆ. ಆ ತಂಬಿಗೆಗೆ ಗಾಜಿನ ಕಿಟಕಿ ಇಟ್ಟು ತಲೆಗೆ ಹಾಕಿಕೊಳ್ಳಿ. ನೀವು ರೆಸಾರ್ಟಿನಲ್ಲಿ ನೋಡಿದ್ದು ಅದನ್ನೇ.

ಗಾಳಿ ಒತ್ತಡದಲ್ಲೇ ಬರಬೇಕು ಎಂಬುದಕ್ಕೆ ಕಾರಣ ನಮ್ಮ ಎದೆಗೂಡು. ಒಂದು ಉದ್ದನೆಯ ಕೊಳವೆಯ ತುದಿ ನೀರಿನ ಮೇಲೆ, ಇನ್ನೊಂದು ತುದಿ ಬಾಯಲ್ಲಿ ಇಟ್ಟುಕೊಂಡು ಎಷ್ಟು ಆಳಕ್ಕೆ ಬೇಕಾದರೂ ಇಳಿಯಬಹುದು ಎಂದು ಸಿನಿಮಾದವರು ತೋರಿಸುತ್ತಾರೆ. ಒಂದು ಮೀಟರ್ ದಾಟಿದರೆ ಪೈಲ್ವಾನನಿಗೂ ಉಸಿರೆಳೆಯಲು ಆಗುವುದಿಲ್ಲ. ನೀರು ಎದೆಯನ್ನು ಹೊರಗಿನಿಂದ ಅದುಮುತ್ತದೆ, ಕೊಳವೆಯ ಗಾಳಿ ಮೇಲಿನ ಒತ್ತಡದಲ್ಲೇ ಇರುತ್ತದೆ, ಎದೆಯ ಸ್ನಾಯು ಸೋಲುತ್ತದೆ. ಪಂಪಿನಿಂದ ನೂಕಿದ ಗಾಳಿ ಬೇಕಾಗುವುದು ಅದಕ್ಕೆ.

ಈಗ ತೂಕದ ಮಾತು. ಉಡುಪು, ಹೆಲ್ಮೆಟ್ ಎರಡೂ ಸೇರಿ ಒಂದು ದೊಡ್ಡ ಗಾಳಿಚೀಲ. ಎಪ್ಪತ್ತು ಕಿಲೊ ತೂಗುವ ಮನುಷ್ಯ, ಎಂಬತ್ತೈದು ಕಿಲೊ ಸಾಮಾನು. ಒಟ್ಟು 155 ಕಿಲೊ ಅಂದುಕೊಳ್ಳಿ. ಗಾಳಿ ತುಂಬಿದ ಉಡುಪು, ಹೆಲ್ಮೆಟ್, ಮೈ ಎಲ್ಲ ಸೇರಿ ಸುಮಾರು 150 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ, ಅವನು ನೀರಿನಡಿ ತೂಗುವುದು ಬರೀ ಐದು ಕಿಲೊ. ದೋಣಿಯ ಮೇಲೆ ಇಬ್ಬರ ಆಸರೆಯಿಲ್ಲದೆ ಹೆಜ್ಜೆ ಇಡಲಾರದವನು ತಳದಲ್ಲಿ ಮಗುವಿನ ಹಾಗೆ ಹಗುರ. ಸೀಸ ಇಲ್ಲದಿದ್ದರೆ ಅವನು ಇಳಿಯುವುದೇ ಇಲ್ಲ, ಬೆಂಡಿನ ಹಾಗೆ ತೇಲುತ್ತಾನೆ. ಎದೆಗೊಂದು, ಬೆನ್ನಿಗೊಂದು ಸುಮಾರು 18 ಕಿಲೊದ ಸೀಸದ ಗಟ್ಟಿ. ಒಂದೊಂದು ಬೂಟಿನ ಅಡಿಯಲ್ಲೂ ಸೀಸ, ಜೋಡಿಗೆ 15 ಕಿಲೊ ಹತ್ತಿರ. ಬೂಟಿಗೆ ಸೀಸ ಯಾಕೆಂದರೆ ಕಾಲು ಕೆಳಗಿರಬೇಕು, ತಲೆ ಮೇಲಿರಬೇಕು. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಹೆಲ್ಮೆಟ್ಟಿನಲ್ಲೂ ಎದೆಯ ಸುತ್ತಲೂ ಗಾಳಿ, ಕಾಲಿನ ಬಳಿ ಉಡುಪು ಮೈಗೆ ಅಂಟಿಕೊಂಡಿರುತ್ತದೆ. ಡೈವರ್ ಅಪ್ಪಿತಪ್ಪಿ ತಲೆಕೆಳಗಾದನೋ, ಗಾಳಿಯೆಲ್ಲ ಕಾಲಿನ ಕಡೆ ನುಗ್ಗಿ, ಕಾಲು ಮೇಲಾಗಿ ತೇಲಿಬಿಡುತ್ತಾನೆ. ಇದು ಆಗದಿರಲೆಂದು ಕಾಲಿನ ಹಿಂಬದಿಯಲ್ಲಿ ಬೂಟಿನ ಲೇಸಿನ ಹಾಗೆ ಬಿಗಿದು ಕಟ್ಟುತ್ತಿದ್ದರು.

ಅಂದರೆ ಆ ಭಾರವೆಲ್ಲ ಗಾಳಿಯನ್ನು ಹಿಡಿದಿಡಲು. ಹೆಲ್ಮೆಟ್ ತೊಟ್ಟು ದುಡಿದವರ ಕಸುಬು ಎಂದರೆ ಮುಕ್ಕಾಲು ಪಾಲು ಗಾಳಿಯನ್ನು ಸಂಭಾಳಿಸುವ ಕಸುಬು. ಹೆಚ್ಚಾದರೆ ಒಂದು ಬಗೆಯ ಸಾವು, ಕಡಿಮೆಯಾದರೆ ಇನ್ನೊಂದು ಬಗೆಯದು. ಆ ವಿಷಯಕ್ಕೆ ಬರುತ್ತೇನೆ. ಮೊದಲು ಇದು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಆಗಸ್ಟಸ್ ಸೀಬೆ ಎಂಬ ಒಂದೇ ಹೆಸರು ಇರುತ್ತದೆ. ಜರ್ಮನಿಯ ಕಡೆಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಕುಶಲ ಯಂತ್ರಕರ್ಮಿ ಆತ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಶ್ರೇಯಸ್ಸು ಚಾರ್ಲ್ಸ್ ಮತ್ತು ಜಾನ್ ಡೀನ್ ಎಂಬ ಅಣ್ಣತಮ್ಮಂದಿರಿಗೆ ಸಲ್ಲಬೇಕು. ಚಾರ್ಲ್ಸ್ 1823ರಲ್ಲಿ ಪೇಟೆಂಟ್ ಪಡೆದದ್ದು ಹೊಗೆ ತುಂಬಿದ ಕಟ್ಟಡದೊಳಗೆ ಹೋಗುವವರಿಗಾಗಿ ಮಾಡಿದ ಹೆಲ್ಮೆಟ್ಟಿಗೆ. ಬೆಂಕಿ ಆರಿಸುವವರು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಹೊಗೆಯಲ್ಲಿ ಉಸಿರಾಡಬಹುದಾದರೆ ನೀರಿನಲ್ಲೂ ಆಗಬಹುದು ಎಂದು ಆ ದಶಕದ ಕೊನೆಯ ಹೊತ್ತಿಗೆ ಅದನ್ನು ಸಮುದ್ರಕ್ಕೆ ತಿರುಗಿಸಿದರು. ಅವರದು ‘ತೆರೆದ’ ಉಡುಪು. ಹೆಲ್ಮೆಟ್ಟಿಗೆ ಸೇರಿಸಿದ ಅಂಗಿ ಸೊಂಟದವರೆಗೆ ಬರುತ್ತಿತ್ತು, ಹೆಚ್ಚಾದ ಗಾಳಿ ಅಂಗಿಯ ಅಂಚಿನಿಂದ ಗುಳುಗುಳು ಎಂದು ಹೊರಹೋಗುತ್ತಿತ್ತು. ಪೂರ್ತಿ ಬೋರಲು ತಂಬಿಗೆಯ ಲೆಕ್ಕ. ನೆಟ್ಟಗೆ ನಿಂತಿದ್ದರೆ ಸೈ. ಬಗ್ಗಿದರೆ ಅಥವಾ ಎಡವಿ ಬಿದ್ದರೆ ನೀರು ಒಳಗೆ. ಕೂಲಿ ಕೆಲಸದವನಿಗೆ ಬಗ್ಗದೆ ಆಗುತ್ತದೆಯೇ?

ಇದಕ್ಕೆ ಉತ್ತರ ಹುಟ್ಟಿದ್ದು ಒಂದು ಮುಳುಗಿದ ಹಡಗಿನ ಮೇಲೆ. ಬ್ರಿಟಿಷ್ ಯುದ್ಧನೌಕೆ ರಾಯಲ್ ಜಾರ್ಜ್ 1782ರ ಆಗಸ್ಟ್‌ನಲ್ಲಿ ಪೋರ್ಟ್ಸ್‌ಮತ್ ಎದುರಿನ ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕಿ ನಿಂತಲ್ಲೇ ಮಗುಚಿತ್ತು. 800ಕ್ಕೂ ಹೆಚ್ಚು ಜನ ಸತ್ತರು. ಸುಮಾರು 20 ಮೀಟರ್ ಆಳದಲ್ಲಿ ಅದರ ಅಸ್ಥಿಪಂಜರ ಬಿದ್ದುಕೊಂಡು ಹಡಗುಗಳ ಲಂಗರಿಗೆ ಸಿಕ್ಕಿಕೊಳ್ಳುತ್ತಿತ್ತು. ಡೀನ್ ಸಹೋದರರು 1830ರ ದಶಕದಲ್ಲಿ ಅದರಿಂದ ತೋಪುಗಳನ್ನು ಎತ್ತಿದರು. ಆ ಸುತ್ತಿನಲ್ಲೇ 1836ರಲ್ಲಿ ಎಂಟನೆಯ ಹೆನ್ರಿಯ ಕಾಲದ ಮೇರಿ ರೋಸ್ ಹಡಗು ಅವರಿಗೆ ಸಿಕ್ಕಿತು. ಆಮೇಲೆ 1839ರಿಂದ 1843ರವರೆಗೆ ಕರ್ನಲ್ ಚಾರ್ಲ್ಸ್ ಪ್ಯಾಸ್ಲಿ ಸೇನೆಯ ಎಂಜಿನಿಯರ್ ದಳವನ್ನು ಇಳಿಸಿ, ಸಿಡಿಮದ್ದು ಇಟ್ಟು, ಹಡಗನ್ನು ತುಂಡು ತುಂಡಾಗಿ ತೆಗೆಸಿದ. ಕುತ್ತಿಗೆಯಿಂದ ಹಿಡಿದು ಮಣಿಕಟ್ಟು, ಕಾಲ ತುದಿಯವರೆಗೆ ಮುಚ್ಚಿದ ಸೀಬೆಯ ಉಡುಪು ಗಟ್ಟಿಯಾಗಿ ನೆಲೆಯೂರಿದ್ದು ಈ ಕೆಲಸದಲ್ಲಿ. ಗಾಳಿ ಈಗ ಅಂಗಿಯ ಅಂಚಿನಿಂದಲ್ಲ, ಹೆಲ್ಮೆಟ್ಟಿನ ಪಕ್ಕದ ವಾಲ್ವಿನಿಂದ ಹೊರಹೋಗತೊಡಗಿತು. ಮನುಷ್ಯ ಬಗ್ಗಬಹುದಿತ್ತು, ಮಂಡಿಯೂರಬಹುದಿತ್ತು, ಮಲಗಿಯೂ ಕೆಲಸ ಮಾಡಬಹುದಿತ್ತು. ಜಗಳವನ್ನೂ ಆಡಬಹುದಿತ್ತು: ಒಂದು ಮರದ ತೊಲೆ ನನ್ನದು ತನ್ನದು ಎಂದು ಇಬ್ಬರು ಸೈನಿಕರು ತಳದಲ್ಲೇ ಕಿತ್ತಾಡಿ, ಒಬ್ಬ ಕಾಲೆತ್ತಿ ಒದ್ದು ಇನ್ನೊಬ್ಬನ ಹೆಲ್ಮೆಟ್ಟಿನ ಗಾಜು ಒಡೆದ ಪ್ರಸಂಗ ಈ ಕೆಲಸದ್ದೇ. ಒದೆ ತಿಂದವನನ್ನು ಹೇಗೋ ಮೇಲೆಳೆದು ಉಳಿಸಿದರು.

ಆ ಉಡುಪು ಮುಂದಿನ ನೂರು ವರ್ಷ ಹೆಚ್ಚು ಬದಲಾಗಲಿಲ್ಲ. ಎರಡು ಪದರ ದಪ್ಪ ಹತ್ತಿ ಬಟ್ಟೆ, ನಡುವೆ ರಬ್ಬರ್ ಹಾಳೆ. ಕಾಲಿನಿಂದ ಕುತ್ತಿಗೆಯವರೆಗೆ ಒಂದೇ ತುಂಡು. ಕುತ್ತಿಗೆಯ ಅಗಲ ಬಾಯಿಂದ ಒಳಗೆ ಇಳಿಯಬೇಕು. ಮಣಿಕಟ್ಟಿನಲ್ಲಿ ಬಿಗಿ ರಬ್ಬರ್ ಪಟ್ಟಿ, ಅದರೊಳಗೆ ಕೈ ತೂರಿಸಲು ಸಾಬೂನು ಸವರಿಕೊಳ್ಳಬೇಕಿತ್ತು. ಅಂಗೈ ಬರಿದು, ಬೆರಳೇ ಕಣ್ಣಾದ ಕೆಲಸಕ್ಕೆ ಅದು ಅನುಕೂಲವೇ. ಒಳಗೆ ಎರಡು ಮೂರು ಪದರ ಉಣ್ಣೆ ಬಟ್ಟೆ, ತಲೆಗೆ ಉಣ್ಣೆ ಟೋಪಿ. ಉಡುಪು ನೀರನ್ನು ತಡೆಯುತ್ತಿತ್ತೇ ಹೊರತು ಚಳಿಯನ್ನಲ್ಲ. ಹೆಗಲ ಮೇಲೆ ತಾಮ್ರದ ಎದೆಪಟ್ಟಿ ಕೂರುತ್ತದೆ. ಉಡುಪಿನ ರಬ್ಬರ್ ಕಾಲರನ್ನು ಎದೆಪಟ್ಟಿಯ ಬೋಲ್ಟುಗಳಿಗೆ ಸಿಕ್ಕಿಸಿ, ಮೇಲೆ ಹಿತ್ತಾಳೆಯ ಪಟ್ಟಿಯಿಟ್ಟು ರೆಕ್ಕೆ ನಟ್ಟುಗಳಿಂದ ಬಿಗಿಯುತ್ತಿದ್ದರು. ಬ್ರಿಟಿಷ್ ಮಾದರಿಗಳಲ್ಲಿ ಆರು ಅಥವಾ ಹನ್ನೆರಡು ಬೋಲ್ಟು. ಹೆಲ್ಮೆಟ್ಟನ್ನು ಅದರ ಮೇಲೆ ಓರೆಯಾಗಿಟ್ಟು ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಹಾಗೆ. ಎದುರಿನ ಗಾಜನ್ನು ಮಾತ್ರ ಕಟ್ಟಕಡೆಗೆ ಹಾಕುತ್ತಿದ್ದರು. ಪಂಪು ಶುರುವಾಗಿ ಗಾಳಿ ಬರುತ್ತಿರುವುದು ಖಾತ್ರಿಯಾಗುವ ತನಕ ಅದು ತೆರೆದೇ ಇರಬೇಕು. ಗಾಜು ಬಿಗಿದ ಮೇಲೆ ಸಹಾಯಕ ಹೆಲ್ಮೆಟ್ಟಿನ ನೆತ್ತಿಗೆ ಅಂಗೈಯಿಂದ ಪಟ್ಟೆಂದು ಹೊಡೆಯುತ್ತಾನೆ: ಹೊರಡು ಅಂತ ಅರ್ಥ. ಆ ಸದ್ದು ಒಳಗಿನವನ ಕಿವಿಗೆ ದೇವಸ್ಥಾನದ ಗಂಟೆಯೊಳಗೆ ತಲೆಯಿಟ್ಟ ಹಾಗೆ ಕೇಳುತ್ತದೆ. ಒಮ್ಮೆ ಕುತೂಹಲಕ್ಕೆ ದಡದ ಮೇಲೆ ಅಂಥದ್ದನ್ನು ಹೊತ್ತು ನಿಂತಿದ್ದೆ. ಐದು ನಿಮಿಷಕ್ಕೆ ಹೆಗಲು ಬಾವು.

ಗಾಜಿಗೆ ಆವಿ ಕಟ್ಟಿದರೆ ಒರೆಸುವುದು ಹೇಗೆ? ಕೈ ಹೊರಗಿದೆ, ಮುಖ ಒಳಗಿದೆ. ಹೆಲ್ಮೆಟ್ಟಿನ ಮುಂಭಾಗದಲ್ಲಿ ಒಂದು ಪುಟ್ಟ ನಲ್ಲಿ ಇರುತ್ತಿತ್ತು. ಅದನ್ನು ತಿರುಗಿಸಿ ಒಂದು ಗುಟುಕು ಸಮುದ್ರದ ನೀರು ಬಾಯಿಗೆಳೆದುಕೊಂಡು ಗಾಜಿಗೆ ಉಗುಳುವುದು. ಅಷ್ಟೇ.

ಮೇಲೆ ದೋಣಿಯಲ್ಲಿ ಪಂಪು. ಎರಡು ಬದಿ ದೊಡ್ಡ ಚಕ್ರ, ಹಿಡಿಕೆ, ಒಳಗೆ ಎರಡು ಅಥವಾ ಮೂರು ಸಿಲಿಂಡರು. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಕಾಯುವುದು ಗೊತ್ತು. ಇದೂ ಕಾಯುತ್ತಿತ್ತು, ಅದಕ್ಕೇ ಸಿಲಿಂಡರಿನ ಸುತ್ತ ನೀರು ತುಂಬಿಡುತ್ತಿದ್ದರು. ಆಳ ಹೆಚ್ಚಿದಷ್ಟೂ ತಿರುಗಿಸುವವರ ಗೋಳು ಹೆಚ್ಚು. ಬಹುಕಾಲ ಯಾರಿಗೂ ಸರಿಯಾಗಿ ತಿಳಿಯದಿದ್ದ ಸಂಗತಿಯೊಂದು ಇಲ್ಲಿದೆ. ಡೈವರುಗಳು ಆಳದಲ್ಲಿ ಸ್ವಲ್ಪ ಕೆಲಸಕ್ಕೇ ಏದುಸಿರು ಬಿಡುತ್ತಿದ್ದರು, ತಲೆಸುತ್ತಿ ಕುಸಿಯುತ್ತಿದ್ದರು. ಒತ್ತಡ ತಾಳಲಾರದೆ ಹೀಗಾಗುತ್ತದೆ ಎಂದುಕೊಂಡಿದ್ದರು. ಬ್ರಿಟಿಷ್ ನೌಕಾಪಡೆ 1905ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಸ್ಕಾಟಿಷ್ ಶರೀರವಿಜ್ಞಾನಿಯನ್ನು ಈ ಕೆಲಸಕ್ಕೆ ಹಚ್ಚಿತು. ಹೆಲ್ಮೆಟ್ಟಿನೊಳಗಿನ ಗಾಳಿಯನ್ನೇ ಹಿಡಿದು ಪರೀಕ್ಷಿಸಿ ಅವರು ಕಂಡುಕೊಂಡದ್ದು: ತೊಂದರೆ ಒತ್ತಡದ್ದಲ್ಲ, ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೆಲ್ಮೆಟ್ಟಿನಲ್ಲೇ ಉಳಿಯುತ್ತಿದೆ. ಅದನ್ನು ತೊಳೆದು ಹಾಕಲು ಡೈವರ್ ಇರುವ ಆಳದಲ್ಲಿ ಅಳೆದಾಗ ನಿಮಿಷಕ್ಕೆ ಒಂದೂವರೆ ಘನ ಅಡಿ, ಅಂದರೆ ಸುಮಾರು 42 ಲೀಟರ್ ಗಾಳಿ ಬೇಕು. ಮೂವತ್ತು ಮೀಟರಿನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಕೆಳಗೆ 42 ಲೀಟರ್ ಸಿಗಬೇಕಾದರೆ ಮೇಲಿನವರು 170 ಲೀಟರ್ ನೂಕಬೇಕು. ಪಂಪಿನ ಪಿಸ್ಟನ್ ಸೋರುತ್ತಿದ್ದರೆ ಅದೂ ಸಾಲದು. ಅನೇಕ ಪಂಪು ಸೋರುತ್ತಿದ್ದವು. ಆಳದ ಡೈವಿಗೆ ಎರಡು ಪಂಪು ಜೋಡಿಸಿ, ಕೆಲವೇ ನಿಮಿಷಕ್ಕೊಮ್ಮೆ ಆಳು ಬದಲಿಸಿ, ಹಡಗಿನ ನಾವಿಕರೆಲ್ಲ ಪಾಳಿಯಲ್ಲಿ ತಿರುಗಿಸಬೇಕಾಗುತ್ತಿತ್ತು.

ಗಾಳಿ ಕಡಿಮೆಯಾದಾಗ ಏನಾಗುತ್ತದೆ ಎಂಬುದಕ್ಕೆ ಬರೋಣ. ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆಲ್ಲ ಫುಟ್‌ವಾಲ್ವ್ ಗೊತ್ತು. ಮೋಟರು ನಿಂತಾಗ ಪೈಪಿನ ನೀರು ಹಿಂದಕ್ಕಿಳಿಯದಂತೆ ಹಿಡಿಯುತ್ತದೆ. ಹೆಲ್ಮೆಟ್ಟಿನ ಹಿಂಬದಿ, ಗಾಳಿ ಪೈಪು ಸೇರುವ ಕಡೆ, ಅದರದೇ ತಮ್ಮನಂಥ ಒಂದು ವಾಲ್ವ್ ಇರುತ್ತದೆ. ಗಾಳಿ ಒಳಗೆ ಬರಬಹುದು, ಹಿಂದೆ ಹೋಗಬಾರದು. ಇಡೀ ಉಡುಪಿನಲ್ಲಿ ಮುಷ್ಟಿಗಿಂತ ಚಿಕ್ಕದಾದ ಈ ಭಾಗವೇ ಅತಿ ಮುಖ್ಯ ಎಂದು ನನ್ನ ಎಣಿಕೆ. ಅದು ಇಲ್ಲದಾಗ ಪೈಪು ನೀರಿನ ಮೇಲ್ಭಾಗದಲ್ಲಿ ಒಡೆಯಿತು ಎನ್ನಿ. ಇಪ್ಪತ್ತು ಮೀಟರ್ ಕೆಳಗಿರುವವನ ಹೆಲ್ಮೆಟ್ಟಿನ ಗಾಳಿ ಕ್ಷಣದಲ್ಲಿ ಪೈಪಿನ ಮೂಲಕ ಮೇಲೆ ನುಗ್ಗುತ್ತದೆ. ಹೆಲ್ಮೆಟ್ಟಿನೊಳಗೆ ಮೇಲಿನ ಒತ್ತಡ, ಮೈಯ ಸುತ್ತ ಆಳದ ಒತ್ತಡ. ಅಂಗೈ ಅಗಲದ, ಅಂದರೆ ನೂರು ಚದರ ಸೆಂಟಿಮೀಟರ್ ಜಾಗದ ಮೇಲೆ 200 ಕಿಲೊ ಭಾರ. ತಾಮ್ರ ಬಗ್ಗುವುದಿಲ್ಲ. ಬಗ್ಗುವುದು ಮನುಷ್ಯ. ನೀರು ಅವನ ಮೈಯನ್ನು ಹೆಲ್ಮೆಟ್ಟಿನೊಳಕ್ಕೆ ಹಿಂಡುತ್ತದೆ. ರಾಯಲ್ ಜಾರ್ಜ್ ಕೆಲಸದಲ್ಲೇ 1842ರಲ್ಲಿ ಒಬ್ಬ ಸೈನಿಕನಿಗೆ ಹೀಗಾಗಿ, ಮುಖ ಕುತ್ತಿಗೆ ಊದಿ, ಕಿವಿ ಬಾಯಿಂದ ರಕ್ತ ಬಂದು, ಪುಣ್ಯಕ್ಕೆ ಬದುಕಿದ. ಎಲ್ಲರ ಪುಣ್ಯ ಅಷ್ಟು ಗಟ್ಟಿಯಿರಲಿಲ್ಲ.

ಪೈಪು ಒಡೆಯದೆಯೂ ಹಿಂಡುವಿಕೆ ಬರುತ್ತಿತ್ತು. ಕಾಲು ಜಾರಿ ಹಡಗಿನ ಪಕ್ಕದಿಂದ ಹತ್ತು ಮೀಟರ್ ಕೆಳಗೆ ಬಿದ್ದರೆ, ಪಂಪು ಅಷ್ಟು ಬೇಗ ಗಾಳಿ ತುಂಬಲಾರದು. ಇಲ್ಲೊಂದು ವಿಚಿತ್ರವಿದೆ: ನೀರಿನ ಮೇಲ್ಮೈಯಿಂದ ಹತ್ತು ಮೀಟರಿಗೆ ಬೀಳುವುದು, ಮೂವತ್ತರಿಂದ ನಲವತ್ತಕ್ಕೆ ಬೀಳುವುದಕ್ಕಿಂತ ಬಹಳ ಅಪಾಯ. ಮೊದಲನೆಯದರಲ್ಲಿ ಒತ್ತಡ ದುಪ್ಪಟ್ಟಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಎರಡನೆಯದರಲ್ಲಿ ಒತ್ತಡ ನಾಲ್ಕರಿಂದ ಐದಕ್ಕೆ ಏರುತ್ತದೆ ಅಷ್ಟೇ.

ಗಾಳಿ ಹೆಚ್ಚಾದರೆ ಇನ್ನೊಂದು ಕಥೆ. ಹೊರಹೋಗುವ ವಾಲ್ವನ್ನು ಎಷ್ಟು ಬಿಗಿಯಾಗಿಡಬೇಕು, ಎಷ್ಟು ಸಡಿಲಬೇಕು ಎಂಬುದನ್ನು ಡೈವರ್ ಕ್ಷಣಕ್ಷಣಕ್ಕೂ ನೋಡಿಕೊಳ್ಳುತ್ತಾನೆ. ಕೆಲವು ಮಾದರಿಗಳಲ್ಲಿ ಒಳಗಿನಿಂದ ತಲೆಯಲ್ಲೋ ಗಲ್ಲದಲ್ಲೋ ಒತ್ತಲು ಗುಂಡಿಯಿತ್ತು. ಅಳತೆ ತಪ್ಪಿತೋ, ಉಡುಪು ಉಬ್ಬಿ ಮೇಲೇಳಲು ಶುರು. ಮೇಲೇರಿದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬೇಗ ಏರುತ್ತಾನೆ. ತೋಳು ಸೆಟೆದು ಶಿಲುಬೆಯಂತಾಗಿ ವಾಲ್ವಿಗೆ ಕೈ ಎಟುಕುವುದಿಲ್ಲ. ಕೆಸರಿನಲ್ಲಿ ಹೂತುಹೋದವನಿಗೆ ಇದು ದೊಡ್ಡ ಬಲೆ. ಕೆಸರಿನ ಹಿಡಿತ ಬಿಡಿಸಿಕೊಳ್ಳಲು ಉಡುಪಿಗೆ ಒಂದಿಷ್ಟು ಗಾಳಿ ತುಂಬಿಕೊಳ್ಳಬೇಕು. ಕೆಸರು ತಟ್ಟನೆ ಬಿಟ್ಟರೆ ಬಾಣದ ಹಾಗೆ ಮೇಲಕ್ಕೆ.

ಕೆಳಗಿನವನಿಗೂ ಮೇಲಿನವನಿಗೂ ನಡುವೆ ಭಾಷೆ ಎಂದರೆ ಸೊಂಟಕ್ಕೆ ಕಟ್ಟಿದ ಹಗ್ಗದ ಜಗ್ಗು. ಅಮೆರಿಕದ ನೌಕಾಪಡೆಯಲ್ಲಿ ಮೇಲಿನವನು ಒಂದು ಸಲ ಜಗ್ಗಿದರೆ ‘ಸರಿಯಿದ್ದೀಯಾ?’ ಎಂದು. ಕೆಳಗಿನಿಂದ ಒಂದು ಜಗ್ಗು ಬಂದರೆ ‘ಸರಿಯಿದ್ದೇನೆ’. ಎರಡಾದರೆ ‘ಹಗ್ಗ ಬಿಡು’, ಮೂರಾದರೆ ‘ಸಡಿಲ ಎಳೆದುಕೋ’, ನಾಲ್ಕಾದರೆ ‘ಮೇಲೆಳೆ’. ಎರಡೆರಡಾಗಿ ಮೂರು ಸಲ ಬಂದರೆ ‘ಸಿಕ್ಕಿಬಿದ್ದಿದ್ದೇನೆ, ಸಹಾಯ ಬೇಕು’. ಟೆಲಿಫೋನು ಬಂದ ಮೇಲೂ ಈ ಜಗ್ಗಿನ ಭಾಷೆ ಬಿಡಲಿಲ್ಲ, ಫೋನು ಕೆಟ್ಟರೂ ಹಗ್ಗ ಕೆಡುವುದಿಲ್ಲ. ಇಬ್ಬರು ಡೈವರುಗಳು ತಳದಲ್ಲಿ ಮಾತಾಡಬೇಕಾದರೆ ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ ಕೂಗುತ್ತಿದ್ದರು. ತಾಮ್ರ ಸದ್ದು ದಾಟಿಸುತ್ತದೆ.

ಇನ್ನು ‘ಯಾವ ಕೆಲಸ’ ಎಂದಿರಿ. ಬಂದರಿನ ಗೋಡೆಗೆ ಕಲ್ಲು ಕೂರಿಸುವುದು, ಸೇತುವೆಯ ಬುನಾದಿ, ಹಡಗಿನ ತಳ ಕೆರೆಯುವುದು, ಪ್ರೊಪೆಲ್ಲರಿಗೆ ಸುತ್ತಿದ ಹಗ್ಗ ಕೊಯ್ಯುವುದು, ಮುಳುಗಿದ ಸರಕು ಎತ್ತುವುದು. ಬಾವಿಗೆ ಬಿದ್ದ ಕೊಡ ಹುಡುಕಲು ಪಾತಾಳಗರಡಿ ಬಿಟ್ಟವರಿಗೆ ಕಾಣದ ತಳದಲ್ಲಿ ತಡಕುವ ಪಾಡು ಅಲ್ಪಸ್ವಲ್ಪ ಗೊತ್ತಿರುತ್ತದೆ. ಬಂದರಿನ ನೀರಿನಲ್ಲಿ ಮುಖದೆದುರಿನ ಕೈಯೂ ಕಾಣುವುದಿಲ್ಲ. ಸುತ್ತಿಗೆ ಬೀಸಿದರೆ ನೀರೇ ಅರ್ಧ ಪೆಟ್ಟು ತಿನ್ನುತ್ತದೆ. ಸ್ಪ್ಯಾನರ್ ತಿರುಗಿಸಿದರೆ ನಟ್ಟಿನ ಬದಲು ನೀವೇ ತಿರುಗುತ್ತೀರಿ, ನೀರಲ್ಲಿ ಐದು ಕಿಲೊ ತಾನೇ ನಿಮ್ಮ ತೂಕ! ಕಾಲನ್ನು ಯಾವುದಕ್ಕಾದರೂ ಆನಿಸಿಕೊಳ್ಳದೆ ಒಂದು ಮೊಳೆಯನ್ನೂ ಹೊಡೆಯಲಾಗದು. ಕೆಲಸವಿದ್ದಾಗ ಅನುಭವಸ್ಥರು ಗಾಳಿಯನ್ನು ಕಡಿಮೆ ಮಾಡಿಕೊಂಡು ಬೇಕೆಂದೇ ಭಾರವಾಗುತ್ತಿದ್ದರು.

ಒಂದು ಉದಾಹರಣೆಯನ್ನು ವಿವರವಾಗಿ ಹೇಳಬೇಕು. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಿರುಕು ಬಿಡತೊಡಗಿತು. ಅದರ ಪೂರ್ವಭಾಗವನ್ನು ಮಧ್ಯಯುಗದವರು ಜೌಗು ಮಣ್ಣಿನ ಮೇಲೆ ಮರದ ದಿಮ್ಮಿಗಳನ್ನು ಹಾಸಿ ಕಟ್ಟಿದ್ದರು, ದಿಮ್ಮಿ ಕುಸಿಯುತ್ತಿತ್ತು. ಗಟ್ಟಿ ಜಲ್ಲಿ ಪದರ ಇನ್ನೂ ಕೆಳಗಿತ್ತು. ಅಗೆದರೆ ನೀರು. ನೀರನ್ನು ಪಂಪು ಮಾಡಿ ಹೊರಹಾಕಿದರೆ ಅದರೊಂದಿಗೆ ನುಣ್ಣನೆಯ ಮಣ್ಣೂ ಬಂದು ಇಡೀ ಗೋಡೆ ಕೂರುವ ಭಯ. ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಡೈವರನ್ನು ಕರೆಸಿದರು. ವಿಲಿಯಂ ವಾಕರ್ ಎಂಬಾತ 1906ರಿಂದ 1911ರವರೆಗೆ ದಿನಕ್ಕೆ ಆರು ಗಂಟೆ, ಆ ಚರ್ಚಿನ ಗೋಡೆಯಡಿ ತೋಡಿದ ಇಕ್ಕಟ್ಟು ಗುಂಡಿಗಳಲ್ಲಿ, ಆರು ಮೀಟರಿನವರೆಗಿನ ಆಳದಲ್ಲಿ ಕೆಲಸ ಮಾಡಿದ. ಕೊಳೆತ ಜೌಗುಮಣ್ಣು ಕದಡಿದ ನೀರು ಕಾಡಿಗೆಯಷ್ಟು ಕಪ್ಪು. ದೀಪದಿಂದ ಪ್ರಯೋಜನವಿಲ್ಲ, ಎಲ್ಲ ಬೆರಳಿನಿಂದ. ಗುಂಡಿಯ ತಳದಲ್ಲಿ ಉಳಿದ ಮಣ್ಣು ಬಾಚಿ ತೆಗೆದು, ಜಲ್ಲಿ ಸಿಕ್ಕಿದ ಮೇಲೆ ಕಾಂಕ್ರೀಟಿನ ಮೂಟೆಗಳನ್ನು ಒತ್ತೊತ್ತಾಗಿ ಹಾಸಿ, ಮೂಟೆ ಸೀಳಿ, ಮೇಲೆ ಇನ್ನೊಂದು ಪದರ. ಅದು ಗಟ್ಟಿಯಾಗಿ ತಳದಿಂದ ನೀರು ಬರುವುದು ನಿಂತ ಮೇಲೆ ಗುಂಡಿಯನ್ನು ಬತ್ತಿಸಿ ಗಾರೆಯವರು ಇಳಿಯುತ್ತಿದ್ದರು. ಒಟ್ಟು ಕೆಲಸಕ್ಕೆ ಹಿಡಿದದ್ದು ಸುಮಾರು 25,800 ಮೂಟೆ ಕಾಂಕ್ರೀಟ್, 1,15,000ದಷ್ಟು ಕಾಂಕ್ರೀಟ್ ಗಟ್ಟಿ, 9 ಲಕ್ಷ ಇಟ್ಟಿಗೆ. ಊಟದ ಹೊತ್ತಿಗೆ ವಾಕರ್ ಹೆಲ್ಮೆಟ್ ಮಾತ್ರ ತೆಗೆಸಿ, ಉಡುಪಿನಲ್ಲೇ ಕೂತು ಪೈಪು ಸೇದುತ್ತಿದ್ದ; ಪೂರ್ತಿ ಬಿಚ್ಚಿ ತೊಡುವ ತಾಪತ್ರಯ ಯಾರಿಗೆ ಬೇಕು. ಆತ 1918ರ ಇನ್‌ಫ್ಲುಯೆನ್ಜಾದಲ್ಲಿ ತೀರಿಕೊಂಡ. ಆಮೇಲೆ ಅವನಿಗೊಂದು ಪುತ್ಥಳಿ ಮಾಡಿಸಿದರು. ಶಿಲ್ಪಿಗೆ ಕೊಟ್ಟ ಫೋಟೊದಲ್ಲಿ ಯಾರು ಯಾರೆಂಬುದು ಅದಲುಬದಲಾಗಿ, ಪುತ್ಥಳಿಗೆ ಎಂಜಿನಿಯರ್ ಫಾಕ್ಸ್‌ನ ಮುಖ ಬಂತು. ಸರಿಯಾದ ಮುಖ ಬಂದದ್ದು 2001ರಲ್ಲಿ.

ಈ ಉಡುಪಿನ ಮಿತಿ ತೋರಿಸುವ ಕಥೆ ಸೆವರ್ನ್ ಸುರಂಗದ್ದು. ನದಿಯಡಿ ರೈಲು ಸುರಂಗ ಕೊರೆಯುತ್ತಿದ್ದಾಗ 1879ರಲ್ಲಿ ದೊಡ್ಡ ಒರತೆ ಒಡೆದು ನೀರು ತುಂಬಿತು. ಓಡಿ ಪಾರಾಗುವ ಭರದಲ್ಲಿ ಒಂದು ಕಬ್ಬಿಣದ ಬಾಗಿಲು ತೆರೆದೇ ಉಳಿದಿತ್ತು. ಅದನ್ನು ಮುಚ್ಚಲು ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಡೈವರ್ ಕಗ್ಗತ್ತಲಲ್ಲಿ ಸುಮಾರು ಸಾವಿರ ಅಡಿ ನಡೆಯಬೇಕಿತ್ತು. ಗಾಳಿ ಪೈಪು ತೇಲಿ ಸುರಂಗದ ಚಾವಣಿಗೆ ಅಂಟಿ, ದಾರಿಯುದ್ದಕ್ಕೂ ಉಜ್ಜಿ, ಎಳೆಯಲಾಗದಷ್ಟು ಭಾರವಾಯಿತು. ಇಬ್ಬರು ಸಹಾಯಕರಿದ್ದರೂ ಬಾಗಿಲ ಹತ್ತಿರದಿಂದ ಹಿಂದಿರುಗಬೇಕಾಯಿತು. ಕೊನೆಗೆ 1880ರ ನವೆಂಬರಿನಲ್ಲಿ ಹೆನ್ರಿ ಫ್ಲೂಸ್ ಮಾಡಿದ, ಬೆನ್ನಿಗೆ ಆಮ್ಲಜನಕ ಹೊತ್ತೊಯ್ಯುವ ಹೊಸ ಸಾಧನ ತೊಟ್ಟು ಹೋಗಿ ಬಾಗಿಲು ಹಾಕಿ ಬಂದ. ಬಾಗಿಲ ಪಕ್ಕದ ವಾಲ್ವನ್ನೂ ತಿರುಗಿಸಿದ್ದ. ಅದು ಎಡಸುತ್ತಿನದು, ಮೊದಲೇ ಮುಚ್ಚಿದ್ದದ್ದನ್ನು ಪಾಪ ತೆರೆದು ಬಂದಿದ್ದಾನೆ ಎಂದು ನೀರು ಇಳಿದ ಮೇಲೆ ಗೊತ್ತಾಯಿತು.

ಇದುವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಅಪಾಯ. ಡೈವರುಗಳನ್ನು ಹೆಚ್ಚಾಗಿ ಮುರಿದದ್ದು ಕಾಣದ್ದು. ಒಳಗೂ ಆಳದ ಒತ್ತಡದ್ದೇ ಗಾಳಿ ಎಂದೆನಲ್ಲ, ಅದರ ಸಾಲ ಮೇಲೆ ಬಂದ ಮೇಲೆ ತೀರಿಸಬೇಕಿತ್ತು. ಒತ್ತಡದ ಗಾಳಿಯ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಕರಗುತ್ತದೆ. ಬೇಗ ಮೇಲೆ ಬಂದರೆ ಗೋಲಿಸೋಡದ ಗೋಲಿ ಒತ್ತಿದ ಹಾಗೆ, ಕರಗಿದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ, ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ. ರಾಯಲ್ ಜಾರ್ಜ್‌ನ ಡೈವರುಗಳಿಗೆ ಬಂದ ಕೀಲುನೋವನ್ನು ಆಗ ಸಂಧಿವಾತ, ಶೀತ ಎಂದುಕೊಂಡರು. ಗುಳ್ಳೆ ಸಾರಜನಕದ್ದು ಎಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ತೋರಿಸಿಕೊಟ್ಟರೂ, ಎಷ್ಟು ನಿಧಾನ ಬರಬೇಕು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಅದರ ಬೆಲೆ ತೆತ್ತವರು ಗ್ರೀಸಿನ ಕಾಲಿಮ್ನೋಸ್, ಸಿಮಿ ದ್ವೀಪಗಳ ಸ್ಪಂಜು ತೆಗೆಯುವವರು. ಶತಮಾನಗಳಿಂದ ಕೈಯಲ್ಲಿ ಚಪ್ಪಟೆ ಕಲ್ಲು ಹಿಡಿದು ಬರಿಮೈಯಲ್ಲಿ ಮುಳುಗುತ್ತಿದ್ದವರ ಕೈಗೆ 1860ರ ದಶಕದಲ್ಲಿ ಈ ಉಡುಪು ಬಂತು. ಆಳದ ಒಳ್ಳೆಯ ಸ್ಪಂಜು ದಿನವಿಡೀ ಕೀಳಬಹುದಾಯಿತು. ಊರೂರಲ್ಲಿ ಯುವಕರು ಕಾಲು ಸ್ವಾಧೀನ ಕಳೆದುಕೊಂಡು ಮೂಲೆ ಹಿಡಿದರು. ಕ್ರಿಸ್ತಪೂರ್ವದ ಕಂಚಿನ ಹಲ್ಲುಚಕ್ರಗಳ ಆಂಟಿಕಿತೆರಾ ಯಂತ್ರದ ಹೆಸರು ಕೇಳಿರಬಹುದು. ಆ ಹಡಗನ್ನು 1900ರಲ್ಲಿ ಕಂಡದ್ದು ಸಿಮಿಯ ಸ್ಪಂಜು ಡೈವರುಗಳೇ, ಇದೇ ತಾಮ್ರದ ಹೆಲ್ಮೆಟ್ ತೊಟ್ಟು, ನಲವತ್ತೈದು ಮೀಟರಿಗೂ ಹೆಚ್ಚಿನ ಆಳದಲ್ಲಿ. ಮೂರ್ತಿಗಳನ್ನು ಮೇಲೆತ್ತುವಾಗ ಒಬ್ಬ ಸತ್ತ, ಇಬ್ಬರಿಗೆ ಪಾರ್ಶ್ವವಾಯು. ಇತ್ತ ಆಸ್ಟ್ರೇಲಿಯಾದ ಬ್ರೂಮ್‌ನಲ್ಲಿ ಅಂಗಿಗುಂಡಿಗೆ ಬೇಕಾದ ಮುತ್ತಿನ ಚಿಪ್ಪು ತೆಗೆಯಲು ಹೋದ ಜಪಾನೀಯರ ಸ್ಮಶಾನದಲ್ಲಿ 900ಕ್ಕೂ ಹೆಚ್ಚು ಜನ ಮಲಗಿದ್ದಾರೆ. ಎಲ್ಲರೂ ಡೈವರುಗಳಲ್ಲ, ಎಲ್ಲರನ್ನೂ ಕೊಂದದ್ದು ಗುಳ್ಳೆಯಲ್ಲ. ಚಂಡಮಾರುತಗಳ ಪಾಲೂ ದೊಡ್ಡದು.

ಲೆಕ್ಕ ಕೊಟ್ಟವರು ಮತ್ತೆ ಅದೇ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಬೇಗ ಇಳಿಸಿ, ನಿಧಾನ ಇಳಿಸಿ, ಯಾವುದು ಕುಂಟುತ್ತದೆ ನೋಡಿದರು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಆಡಿಗೆ ಏನೂ ಆಗದು, ಅಲ್ಲಿಂದ ಮುಂದೆ ಹಂತಹಂತವಾಗಿ ತಡೆದು ತಡೆದು ಬರಬೇಕು. ಸಹೋದ್ಯೋಗಿಗಳಾದ ಬಾಯ್ಕಾಟ್ ಮತ್ತು ಡೇಮಂಟ್ ಜೊತೆ 1908ರಲ್ಲಿ ಇದನ್ನು ಪ್ರಕಟಿಸಿದರು. ಹತ್ತು ಹತ್ತು ಅಡಿಗೆ ನಿಂತು ಕಾಯುವ ಇಂದಿನ ಪದ್ಧತಿಯ ಬೇರು ಅಲ್ಲಿದೆ. ಅದಕ್ಕೆ ಮುಂಚೆ 1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಡೇಮಂಟ್ ಮತ್ತು ಕ್ಯಾಟೊ 210 ಅಡಿ, ಅಂದರೆ 64 ಮೀಟರ್ ಇಳಿದು ಕ್ಷೇಮವಾಗಿ ಬಂದರು. ಆ ಬೇಸಿಗೆಯಲ್ಲೇ ಹಾಲ್ಡೇನ್ ತಮ್ಮ ಹದಿಮೂರರ ಮಗನಿಗೂ ಉಡುಪು ತೊಡಿಸಿ ನೀರಿಗಿಳಿಸಿದರು. ದೊಡ್ಡವರ ಅಳತೆಯ ಉಡುಪು, ಮಣಿಕಟ್ಟಿನಲ್ಲಿ ಸೋರಿ ಹುಡುಗ ನೆನೆದು ಮೇಲೆ ಬಂದ. ಮುಂದೆ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಆ ಹುಡುಗನೇ.

ನಿಜವಾಗಿ ಒತ್ತಡ ತಡೆಯುವ ಲೋಹದ ಕವಚಗಳೂ ಇದ್ದವು, ಆದರೆ ಅವು ಬೇರೆ ಜಾತಿ. ಜೋಸೆಫ್ ಪೆರೆಸ್ ರೂಪಿಸಿದ ಟ್ರೈಟೋನಿಯಾ ತೊಟ್ಟು 1935ರಲ್ಲಿ ಜಿಮ್ ಜ್ಯಾರೆಟ್ ಮುಳುಗಿದ ಲೂಸಿಟೇನಿಯಾ ಹಡಗಿನ ಮೇಲೆ ನಿಂತ. ಅದರಲ್ಲಿ ಬೆರಳಿಲ್ಲ, ಇಕ್ಕಳವಿದೆ. ಕೂಲಿ ಕೆಲಸ ಬೆರಳಿನದು, ಹಾಗಾಗಿ ತಾಮ್ರದ ಹೆಲ್ಮೆಟ್ ತನ್ನ ಜಾಗ ಬಿಡಲಿಲ್ಲ. ಅಮೆರಿಕದ ನೌಕಾಪಡೆ 1916ರ ಮಾದರಿಯನ್ನು 1980ರ ದಶಕದ ತನಕ ಇಟ್ಟುಕೊಂಡಿತ್ತು.

ಕೊನೆಗೆ ನಿಮ್ಮ ರೆಸಾರ್ಟಿನದು. ಅಲಂಕಾರಕ್ಕೆಂದು ಮಾಡುವ ಇಂಥ ಹೆಲ್ಮೆಟ್ಟುಗಳು ನಮ್ಮ ದೇಶದಲ್ಲೇ, ಮೊರಾದಾಬಾದ್, ರೂರ್ಕಿ ಕಡೆಯ ಹಿತ್ತಾಳೆ ಕೆಲಸದವರ ಕೈಯಲ್ಲಿ ತಯಾರಾಗಿ ಜಗತ್ತಿಗೆಲ್ಲ ಹೋಗುತ್ತವೆ. ಹಾಗಾಗಿ ನಕಲಿಯ ಸಾಧ್ಯತೆಯೇ ಹೆಚ್ಚು. ಮುಂದಿನ ಸಲ ಹೋದಾಗ ವ್ಯವಸ್ಥಾಪಕರನ್ನು ಕೇಳಿಕೊಂಡು ಮುಟ್ಟಿ ನೋಡಿ. ಅಸಲಿಯಾದರೆ ಹೆಲ್ಮೆಟ್ ಎಂಟನೇ ಒಂದು ಸುತ್ತಿಗೆ ಎದೆಪಟ್ಟಿಯಿಂದ ಬಿಡಿಸಿಕೊಳ್ಳಬೇಕು. ಎರಡರ ಕೊರಳಪಟ್ಟಿಯಲ್ಲೂ ಕೆತ್ತಿದ ಸಂಖ್ಯೆ ಒಂದೇ ಆಗಿರುವುದು ಒಳ್ಳೆಯ ಲಕ್ಷಣ. ಬೋಲ್ಟಿನ ಮೇಲಿನ ಹಿತ್ತಾಳೆ ಪಟ್ಟಿಗಳು ಬಿಚ್ಚಿ ಬರಬೇಕು, ಬೆಸುಗೆ ಹಾಕಿದ್ದರೆ ಅದು ಆಟಿಕೆ. ಗಾಜು ದಪ್ಪವಿರಬೇಕು. ಇಷ್ಟಕ್ಕೆಲ್ಲ ಅವರು ಒಪ್ಪದಿದ್ದರೆ ಹಿಂದೆ ಹೋಗಿ ಗಾಳಿ ಪೈಪು ಸೇರುವ ಕೊಳವೆಯೊಳಕ್ಕೆ ಮೊಬೈಲಿನ ಟಾರ್ಚ್ ಬಿಟ್ಟು, ಎದುರಿನ ಗಾಜಿನಿಂದ ಇಣುಕಿ. ಒಳಗೆ ಬೆಳಕಿನ ಎಳೆಯಾದರೂ ಕಂಡರೆ, ಅಥವಾ ಕೊಳವೆಯ ಬುಡದಲ್ಲಿ ವಾಲ್ವಿನ ಬಿಲ್ಲೆ ಕೂತಿರುವುದು ಕಂಡರೆ ನನಗೆ ಫೋಟೊ ಕಳಿಸಿ. ಬರೀ ತಗಡು ಅಡ್ಡ ಬಂದರೆ ಅದರಲ್ಲಿ ಯಾರೂ ಉಸಿರಾಡಿಲ್ಲ.